ಹೋಡ್ಯಾಗ್‌ನ ಕಾಲ, ದೇಶ ಮತ್ತು ಆಹಾರ ವಿಚಾರ

ಕವಿಯೊಬ್ಬನ ಬಗ್ಗೆ ಬರೆಯುವಾಗ ಮೊದಲು ಕಾಲ, ಆಮೇಲೆ ದೇಶ, ಆಮೇಲೆ ಮತ, ಕೊನೆಗೆ ಪುಟ ಮಿಕ್ಕಿದರೆ ಕಾವ್ಯ ಎಂಬ ಕ್ರಮವನ್ನು ನಮ್ಮ ಪಂಡಿತರು ಹಾಕಿಕೊಟ್ಟಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದಲ್ಲಿ ರೈನ್‌ಲ್ಯಾಂಡರ್ ಎಂಬ ಸಣ್ಣ ಊರಿದೆ. ಅಲ್ಲಿ ಹೋಡ್ಯಾಗ್ ಎಂಬ ಪ್ರಾಣಿಯಿದೆ. ಈ ಮರ್ಯಾದೆ ಅದಕ್ಕೆ ಇದುವರೆಗೆ ಸಂದಿಲ್ಲ. ಅದು ಕಾವ್ಯ ಬರೆದಿಲ್ಲ ಎಂಬುದು ಕಾರಣವಾಗಿದ್ದರೆ ಅನ್ಯಾಯ. ಒಂದು ಪದ್ಯವೂ ಸಿಗದ ಕವಿಗಳ ಕಾಲನಿರ್ಣಯಕ್ಕೆ ಜೀವಮಾನ ತೇದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂಥ ಪ್ರಾಣಿ ಇರಲೇ ಇಲ್ಲ ಎಂಬ ಆಕ್ಷೇಪವಂತೂ ಇನ್ನೂ ದುರ್ಬಲ. ಅದರ ಸರದಿ ಬಂದಾಗ ಖಂಡಿಸೋಣ. ಹೆಸರಿನ ವ್ಯುತ್ಪತ್ತಿಗೆ ಮಾತ್ರ ನಾವು ಕೈಹಾಕುವುದಿಲ್ಲ. ಆ ಗುಹೆಗೆ ಇಳಿದ ವಿದ್ವಾಂಸರ ಹೆಜ್ಜೆಗಳೆಲ್ಲ ಒಳಮುಖವಾಗಿಯೇ ಇವೆ.

ಮೊದಲು ಲಕ್ಷಣ. ಕಪ್ಪೆಯ ತಲೆ, ಹಲ್ಲು ಕಿರಿಯುವ ಆನೆಯ ಮುಖ, ಗಿಡ್ಡಗಿಡ್ಡ ದಪ್ಪ ಕಾಲು, ಕಾಲಿಗೆ ದೊಡ್ಡ ದೊಡ್ಡ ಉಗುರು, ಡೈನೋಸಾರ್‌ನ ಬೆನ್ನು, ತುದಿಯಲ್ಲಿ ಈಟಿಗಳಿರುವ ಉದ್ದ ಬಾಲ. ಮೈಯುದ್ದ ಸುಮಾರು 7 ಅಡಿ. ಕಪ್ಪೆಯ ತಲೆಗೆ ಆನೆಯ ಮುಖ ಹೇಗೆ ಕೂಡೀತು ಎಂದು ಕೇಳುವವರು ಲಕ್ಷಣಗ್ರಂಥ ಓದಿದವರಲ್ಲ. ತಲೆ ಬೇರೆ, ಮುಖ ಬೇರೆ. ತಲೆ ಹುಟ್ಟಿನಿಂದ ಬರುತ್ತದೆ, ಮುಖವನ್ನು ಸಂದರ್ಭ ನೋಡಿ ಹಾಕಿಕೊಳ್ಳಬೇಕಾಗುತ್ತದೆ. ಇನ್ನು ಆನೆ ನಗುವುದನ್ನು ಕಂಡವರಾರು ಎಂಬ ಪ್ರಶ್ನೆ. ವಿಸ್ಕಾನ್ಸಿನ್‌ನ ಪೈನ್ ಕಾಡಿನಲ್ಲಿ ಆನೆಯನ್ನೇ ಕಂಡವರು ಕಡಿಮೆ. ಆದಕಾರಣ ಅದು ನಗುವುದಿಲ್ಲ ಎಂದು ಹೇಳುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

ಉತ್ಪತ್ತಿಯ ವಿಷಯಕ್ಕೆ ಬಂದರೆ, ಮರ ಕಡಿಯುವವರ ಕ್ಯಾಂಪುಗಳಲ್ಲಿ ಬಾಯಿಂದ ಬಾಯಿಗೆ ಬಂದ ಸಂಪ್ರದಾಯವೊಂದಿದೆ. ಚಳಿಗಾಲದಲ್ಲಿ ಪೈನ್ ಮರ ಉರುಳಿಸಿ, ದಾರಿಗೆ ರಾತ್ರಿ ನೀರು ಚೆಲ್ಲಿ ಮಂಜುಗಡ್ಡೆ ಕಟ್ಟಿಸಿ, ಅದರ ಮೇಲೆ ದಿಮ್ಮಿ ಹೇರಿದ ಜಾರುಬಂಡಿಗಳನ್ನು ಎಳೆಸುತ್ತಿದ್ದರು. ಎಳೆಯುತ್ತಿದ್ದದ್ದು ಎತ್ತುಗಳು, ಕುದುರೆಗಳು ಬಂದದ್ದು ಆಮೇಲೆ. ಎತ್ತಿನ ಮೈಮೇಲೆ ಬಿದ್ದ ಏಟು ಮಾಯುತ್ತದೆ. ಕಿವಿಗೆ ಬಿದ್ದ ಬೈಗುಳ ಮಾತ್ರ ಆತ್ಮಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಜೀವಮಾನವಿಡೀ ಬೈಸಿಕೊಂಡ ಎತ್ತು ಸತ್ತರೆ ಅದರ ಕಳೇಬರವನ್ನು 7 ವರ್ಷ ಸುಡಬೇಕು, ಆಗಲೇ ಬೈಗುಳ ತೊಳೆದುಹೋಗುವುದು. ಹಾಗೆ ಸುಟ್ಟ ಬೂದಿಯಿಂದ ಎದ್ದು ಬಂದದ್ದೇ ಹೋಡ್ಯಾಗ್. ಎತ್ತಿನ ಆತ್ಮ ಎಂಬರ್ಥ ಹೊಳೆಯುವಂತೆ ಅದಕ್ಕೊಂದು ಲ್ಯಾಟಿನ್ ಹೆಸರನ್ನೂ ಕಟ್ಟಿದರು: ಬೋವೈನ್ ಸ್ಪಿರಿಚುವಾಲಿಸ್.

ಕರ್ಮಸಿದ್ಧಾಂತಕ್ಕೆ ಇದು ಗಮನಾರ್ಹವಾದ ತಿದ್ದುಪಡಿ. ನಮ್ಮ ಲೆಕ್ಕದಲ್ಲಿ ಬೈದವನಿಗೆ ಪಾಪ. ಅಲ್ಲಿ ಬೈದವನು ವಸಂತ ಬಂದೊಡನೆ ಪಗಾರ ಎಣಿಸಿಕೊಂಡು ಪೇಟೆಯ ಹೆಂಡದಂಗಡಿಗೆ ಹೋದ. ಬೈಗುಳ ಕಾಡಿನಲ್ಲೇ ಉಳಿದು, ಕೊಂಬು ಬೆಳೆಸಿಕೊಂಡು, ನಾಲ್ಕು ಕಾಲಿನ ಮೇಲೆ ಓಡಾಡತೊಡಗಿತು. 7 ವರ್ಷ ಒಂದೇ ಚಿತೆಗೆ ಸೌದೆ ಒದಗಿಸುವುದು ಹೇಗೆ ಎಂಬ ಸಂಶಯ ಬರಬಹುದು. ಆ ಕಾಲಕ್ಕೆ ಆ ಸೀಮೆಯಲ್ಲಿ ಸೌದೆಗೆ ಬರವಿರಲಿಲ್ಲ. ಬರ ಬಂದದ್ದು ಸ್ವಲ್ಪ ತಡವಾಗಿ. ಬಂದಾಗ ಊರು ಏನು ಮಾಡಿತು ಎಂಬುದೇ ನಮ್ಮ ಪ್ರಬಂಧದ ತಿರುಳು.

ಆದ್ದರಿಂದ ದೇಶವಿಚಾರ. ಪೆಲಿಕನ್ ನದಿ ವಿಸ್ಕಾನ್ಸಿನ್ ನದಿಯನ್ನು ಸೇರುವ ಕಡೆ ಪೆಲಿಕನ್ ರಾಪಿಡ್ಸ್ ಎಂಬ ಜಾಗವಿತ್ತು. ಅಲ್ಲಿ ಊರು ಕಟ್ಟಹೊರಟವರಿಗೆ ರೈಲು ಬೇಕಾಗಿತ್ತು. ಮಿಲ್ವಾಕಿ, ಲೇಕ್ ಶೋರ್ ಅಂಡ್ ವೆಸ್ಟರ್ನ್ ರೈಲ್ವೆ ಕಂಪನಿಯ ಅಧ್ಯಕ್ಷನಾಗಿದ್ದವನು ನ್ಯೂಯಾರ್ಕಿನ ಫ್ರೆಡರಿಕ್ ರೈನ್‌ಲ್ಯಾಂಡರ್. ಊರಿಗೆ ಅವನ ಹೆಸರನ್ನೇ ಇಟ್ಟುಬಿಟ್ಟರು. 1882ರಲ್ಲಿ ರೈಲು ಬಂತು. ಹೆಸರಿನಲ್ಲೇ ಗಾಳವಿರುವ ಊರು ಇದು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಗಾಳ ಒಮ್ಮೆ ಕಚ್ಚಿಸಿಕೊಂಡ ಊರು ಎರಡನೇ ಸಲ ಹಾಕದೆ ಬಿಡುವುದಿಲ್ಲ. 1894ರಲ್ಲಿ ಅದು ವಿಧಿವತ್ತಾಗಿ ನಗರವಾಯಿತು. ಹೋಡ್ಯಾಗ್ ಮೊದಲು ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು 1893ರಲ್ಲಿ. ಅಂದಮೇಲೆ ನಗರಕ್ಕಿಂತ ಪ್ರಾಣಿ ಒಂದು ವರ್ಷ ಹಿರಿಯದು. ರೈನ್‌ಲ್ಯಾಂಡರಿನವರು ಹೋಡ್ಯಾಗನ್ನು ಸೃಷ್ಟಿಸಿದರು ಎಂಬ ಪ್ರಚಲಿತ ವಾದ ಕಾಲಾನುಕ್ರಮದಲ್ಲೇ ಬಿದ್ದುಹೋಗುತ್ತದೆ. ಹೋಡ್ಯಾಗ್ ರೈನ್‌ಲ್ಯಾಂಡರನ್ನು ಸೃಷ್ಟಿಸಿತು ಎನ್ನುವುದಕ್ಕೆ ಮಾತ್ರ ತಾರೀಖಿನ ಬೆಂಬಲವಿದೆ.

ಇನ್ನು ಕರ್ತೃ. ಯೂಜೀನ್ ಶೆಪರ್ಡ್. ಹುಟ್ಟಿದ್ದು 1854, ತೀರಿಕೊಂಡದ್ದು 1923. ಇವನನ್ನು ಬರೇ ತಮಾಷೆಗಾರ, ಪುಂಡ, ಪೋಕರಿ ಎಂದು ಬರೆದು ಮುಗಿಸುವವರು ಅವನ ಕಸುಬನ್ನು ಮರೆಯುತ್ತಾರೆ. ನಿಂತ ಮರದ ಅಂದಾಜು ಮಾಡುವುದು ಅವನ ಕಸುಬು. ಕಾಡು ಕೊಳ್ಳುವ ಧಣಿಗಳು ಇರುತ್ತಿದ್ದದ್ದು ದೂರದ ಪೇಟೆಗಳಲ್ಲಿ. ಅವರ ಪರವಾಗಿ ಒಬ್ಬ ಮನುಷ್ಯ ಬೆನ್ನಿಗೆ ಗಂಟು ಕಟ್ಟಿಕೊಂಡು, ದಿಕ್ಸೂಚಿ ಹಿಡಿದು, ವಾರಗಟ್ಟಲೆ ಕಾಡಿನಲ್ಲಿ ನಡೆದು, ಇಂಥ ಚೌಕದಲ್ಲಿ ಇಷ್ಟು ಪೈನ್ ಇದೆ, ಸೀಳಿದರೆ ಇಷ್ಟು ಹಲಗೆ ಬಂದೀತು ಎಂದು ಸಣ್ಣ ಪುಸ್ತಕದಲ್ಲಿ ಗೀಚಿಕೊಂಡು ಬರುತ್ತಿದ್ದ. ಧಣಿ ಆ ಪುಟವನ್ನು ನೋಡಿ ಸಾವಿರಾರು ಡಾಲರ್ ಎಣಿಸುತ್ತಿದ್ದ, ಮರ ನೋಡುತ್ತಿರಲಿಲ್ಲ. ತಾನು ಕಾಣದ್ದನ್ನು ಇನ್ನೊಬ್ಬ ಕಂಡು ಹೇಳಿದ ಮಾತಿನ ಮೇಲೆ ನಂಬುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಶಬ್ದಪ್ರಮಾಣ ಎನ್ನುತ್ತಾರೆ, ಅಲ್ಲಿಯ ಪೈನ್ ವ್ಯಾಪಾರವೆಲ್ಲ ನಿಂತದ್ದು ಅದರ ಮೇಲೆ. ಶೆಪರ್ಡ್ ಆಪ್ತವಾಕ್ಯ ನುಡಿಯುವ ಕಸುಬುದಾರ. ಹೋಡ್ಯಾಗ್ ಪ್ರಕರಣದಲ್ಲಿ ಅವನು ಹೊಸದೇನನ್ನೂ ಮಾಡಲಿಲ್ಲ; ಅದೇ ಪುಸ್ತಕದ ಮುಂದಿನ ಪುಟ ತೆಗೆದ, ಅಷ್ಟೆ.

ಅವನ ಲಘುಕೃತಿಗಳನ್ನೂ ಇಲ್ಲಿ ನಮೂದಿಸಬೇಕು. ಕಾಡಿನ ಪಾಚಿಗೆ ಅಗ್ಗದ ಅತ್ತರು ಚಿಮುಕಿಸಿ, ಇದು ಹುಟ್ಟಾ ಪರಿಮಳದ ಪಾಚಿ ಎಂದು ಪೇಟೆಯವರಿಗೆ ಮೂಸಿಸಿದನೆಂದು ಪ್ರತೀತಿ. ಬ್ಯಾಲರ್ಡ್ ಕೆರೆಯ ದಂಡೆಯಲ್ಲಿ ಅವನದೊಂದು ವಿಹಾರಧಾಮವಿತ್ತು. ಆ ಕಡೆಯ ಕೆರೆಗಳಲ್ಲಿ ಮಸ್ಕಿ ಎಂಬ ದೊಡ್ಡ ಮೀನಿಗೆ ಬೇಟೆಗಾರರು ಪ್ರಾಣ ಬಿಡುತ್ತಾರೆ. ಶೆಪರ್ಡ್ ಮರದ ಮಸ್ಕಿ ಮಾಡಿಸಿ, ನೀರಿನೊಳಗೆ ತಂತಿ ಕಟ್ಟಿ, ಅತಿಥಿಗಳು ದಂಡೆಗೆ ಬಂದ ಹೊತ್ತಿಗೆ ಸರಿಯಾಗಿ ಅದನ್ನು ಮೇಲಕ್ಕೆ ನೆಗೆಸುತ್ತಿದ್ದನಂತೆ. ಮರವನ್ನು ಮೀನು ಮಾಡಬಲ್ಲವನು ಮರವನ್ನು ಮೃಗ ಮಾಡಲಾರನೇ ಎಂದು ಪೂರ್ವಪಕ್ಷಿ ಇಲ್ಲಿ ಬಾಯಿ ಹಾಕುತ್ತಾನೆ. ಸ್ವಲ್ಪ ತಾಳಲಿ.

ಕಾಲವಿಚಾರದಲ್ಲಿ ಎರಡು ಘಟ್ಟಗಳಿವೆ. 1893ರಲ್ಲಿ ಶೆಪರ್ಡ್ ಕಾಡಿನಲ್ಲಿ ಪ್ರಾಣಿಯನ್ನು ಕಂಡ, ಊರವರನ್ನು ಕಟ್ಟಿಕೊಂಡು ಹೋದ. ನಾಯಿಗಳಿಂದ ಆಗಲಿಲ್ಲ, ಕೋವಿಯಿಂದಲೂ ಆಗಲಿಲ್ಲ. ಕೊನೆಗೆ ಡೈನಮೈಟ್ ಹಾಕಿದರು. ಕರಿಕಲಾದ ಅವಶೇಷದ ಫೋಟೊ ಸುದ್ದಿಗೆ ಸಾಕ್ಷಿಯಾಯಿತು. ಡೈನಮೈಟ್ ಎಂದೊಡನೆ ಹುಬ್ಬೇರಿಸಬಾರದು. ಪೈನ್ ಕಡಿದು ಮುಗಿದ ಭೂಮಿಯಲ್ಲಿ ಬೇಸಾಯ ಮಾಡಲು ಬಂದ ರೈತರು ಮರದ ಬೊಡ್ಡೆಗಳನ್ನು ಕೀಳಲು ಅದನ್ನೇ ಬಳಸುತ್ತಿದ್ದರು. ಅಲುಗಾಡದೆ ಹಟ ಹಿಡಿದು ನಿಂತ ಯಾವುದಕ್ಕೂ ಆ ಸೀಮೆಯಲ್ಲಿ ಅದೇ ಮದ್ದು.

ಬೂದಿಯಾದ ಪ್ರಾಣಿಯಿಂದ ಜಾತ್ರೆ ಸೇರುವುದಿಲ್ಲ. ಹಾಗಾಗಿ 1896ರಲ್ಲಿ ಇನ್ನೊಂದು, ಈ ಸಲ ಜೀವಸಹಿತ. ಕರಡಿಯೊಡನೆ ಕುಸ್ತಿ ಮಾಡಬಲ್ಲ ಗಟ್ಟಿಗರನ್ನು ಕರೆದುಕೊಂಡು ಹೋಗಿ, ಗವಿಯ ಬಾಯಿಗೆ ಕಲ್ಲು ಒಟ್ಟಿ, ಉದ್ದನೆಯ ಗಳುವಿನ ತುದಿಗೆ ಕ್ಲೋರೋಫಾರ್ಮ್ ಕಟ್ಟಿ ಒಳಗೆ ಚಾಚಿ, ಪ್ರಾಣಿ ಮೂರ್ಛೆ ಹೋದ ಮೇಲೆ ಹೊತ್ತು ತಂದರು. ಅದೇ ವರ್ಷ ಒನೈಡಾ ಕೌಂಟಿಯ ಮೊಟ್ಟಮೊದಲ ಜಾತ್ರೆ. ಕಾಕತಾಳೀಯವೆಂದು ನಗುವವರಿದ್ದಾರೆ. ದೇವರುಗಳು ಕೂಡ ತೇರಿನ ದಿನ ನೋಡಿಯೇ ಹೊರಗೆ ಬರುತ್ತಾರೆ.

ಜಾತ್ರೆಯ ಡೇರೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಾಗಿಲಲ್ಲಿ 10 ಸೆಂಟ್. ಒಳಗೆ ಅರೆಗತ್ತಲೆ. ಪ್ರಾಣಿ ನೋಡುಗರಿಂದ ದೂರದಲ್ಲಿ, ಪರದೆಯ ಮರೆಯಲ್ಲಿ. ಮೈಗೆ ಎತ್ತಿನ ಚರ್ಮ, ಬೆನ್ನುದ್ದಕ್ಕೂ ದನದ ಕೊಂಬುಗಳ ಸಾಲು, ಒಳಗಡೆ ಕೆತ್ತಿದ ಮರ. ಕಾಣದ ಕಡೆಯಿಂದ ತಂತಿ ಜಗ್ಗುವವರು ಶೆಪರ್ಡ್‌ನ ಮಕ್ಕಳು. ಪ್ರಾಣಿ ಒಮ್ಮೆ ಅಲುಗುತ್ತದೆ, ಒಂದು ಗುರ್ ಎಂಬ ಶಬ್ದ, ಮುಂದಿನ ಸಾಲಿನವರು ಹಿಂದಿನ ಸಾಲಿನವರ ಕಾಲು ತುಳಿಯುತ್ತಾರೆ. ಮುಂದಿನ ತಂಡಕ್ಕೆ ದಾರಿ. ಹೊರಗೆ ಬಂದವನ ಗತಿ ಯೋಚಿಸಿ. 10 ಸೆಂಟ್ ಕೊಟ್ಟಾಗಿದೆ. ಮರದ ಗೊಂಬೆ ನೋಡಿ ಬಂದೆ ಎಂದರೆ ತಾನೇ ಬೆಪ್ಪ. ಎದೆ ಝಲ್ಲೆಂದಿತು ಮಾರಾಯ ಎಂದರೆ ಸಾಲಿನಲ್ಲಿ ನಿಂತ ಮುಂದಿನವನು ಬೆಪ್ಪ. ಮನುಷ್ಯ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಾಗಿಲ್ಲ. ಹೀಗೆ ಒಬ್ಬೊಬ್ಬ ಗಿರಾಕಿಯೂ ಹೊರಗೆ ಬರುವ ಹೊತ್ತಿಗೆ ಶೆಪರ್ಡ್‌ನ ಪಾಲುದಾರನಾಗಿರುತ್ತಿದ್ದ, ಲಾಭದಲ್ಲಿ ಮಾತ್ರ ಪಾಲಿರಲಿಲ್ಲ.

ಸೆರೆಯ ಪ್ರಸಂಗದ ಪ್ರಸಿದ್ಧ ಫೋಟೊ ಈಗಲೂ ಸಿಗುತ್ತದೆ. ಕೊಡಲಿ, ಕವೆಗೋಲು ಹಿಡಿದ ಗಂಡಸರು ಸುತ್ತ ನಿಂತಿದ್ದಾರೆ, ನಡುವೆ ಹೋಡ್ಯಾಗ್. ಅಂದಿನ ಕ್ಯಾಮೆರಾದ ಮುಂದೆ ಮಿಸುಕದೆ ನಿಲ್ಲುವುದು ಎಂಥವರಿಗೂ ಕಷ್ಟ. ಆ ಚಿತ್ರದಲ್ಲಿ ಎಲ್ಲರಿಗಿಂತ ಸ್ಥಿರವಾಗಿ ನಿಂತಿರುವುದು ಹೋಡ್ಯಾಗೇ. ಕಾಡುಪ್ರಾಣಿಯಲ್ಲಿ ಇಂಥ ಶಿಸ್ತು ಅಪೂರ್ವ.

ಈಗ ಪೂರ್ವಪಕ್ಷ. ಸುದ್ದಿ ಪತ್ರಿಕೆಗಳಲ್ಲಿ ಹಬ್ಬಿ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯವರು ಪ್ರಾಣಿಯನ್ನು ಪರೀಕ್ಷಿಸಲು ಬರುತ್ತಾರೆಂದು ತಿಳಿದಾಗ, ಶೆಪರ್ಡ್ ಎಲ್ಲವೂ ತನ್ನ ಕಟ್ಟುಕಥೆ ಎಂದು ಒಪ್ಪಿಕೊಂಡ. ಇದರಿಂದ ವಿಷಯ ಮುಗಿಯಿತು ಎನ್ನುತ್ತಾರೆ. ನಮ್ಮ ಸಿದ್ಧಾಂತವೇನೆಂದರೆ ಈ ತಪ್ಪೊಪ್ಪಿಗೆ ಪ್ರಕ್ಷಿಪ್ತ.

ಮೊದಲನೆಯ ಹೇತು: ಪರೀಕ್ಷಕರು ಬಾಗಿಲಿಗೆ ಬಂದಾಗ ನುಡಿದ ಮಾತನ್ನು ಯಾವ ವಿಶ್ವವಿದ್ಯಾಲಯವೂ ವಿದ್ಯಾರ್ಥಿಯ ನಿಜವಾದ ಅಭಿಪ್ರಾಯವೆಂದು ಎಣಿಸುವುದಿಲ್ಲ. ಎರಡನೆಯದು ಹೆಚ್ಚು ಗಹನ. ಪೂರ್ವಪಕ್ಷಿಯ ಪ್ರಕಾರ ಶೆಪರ್ಡ್ ಹುಟ್ಟು ಸುಳ್ಳುಗಾರ. ಪಾಚಿಯಲ್ಲಿ ಸುಳ್ಳು, ಮೀನಿನಲ್ಲಿ ಸುಳ್ಳು, ಮೃಗದಲ್ಲಿ ಸುಳ್ಳು. ಅಂಥವನು ಬಾಯಿಬಿಟ್ಟು ಹೋಡ್ಯಾಗ್ ಸುಳ್ಳು ಎಂದಾಗ ಮಾತ್ರ ಅದು ಸತ್ಯವಂತೆ! ಒಬ್ಬನ ನೂರು ಮಾತುಗಳಲ್ಲಿ ತಮಗೆ ಬೇಕಾದ ಒಂದನ್ನು ಆರಿಸಿ ಕಣ್ಣಿಗೊತ್ತಿಕೊಳ್ಳುವುದು ಸಂಶೋಧನೆಯಲ್ಲ, ಭಕ್ತಿ. ಮೂರನೆಯದೇ ನಿರ್ಣಾಯಕ. ಬಯಲಾದ ಸುಳ್ಳು ಸಾಯಬೇಕು, ಇದು ಸತ್ತಿಲ್ಲ. ಒಪ್ಪಿಗೆಯಾದ ಮೇಲೂ ಜನ ನೋಡಲು ಬಂದರು, ಮೊದಲಿಗಿಂತ ಖುಷಿಯಾಗಿ ಬಂದರು. ಏಕೆಂದರೆ ಅದುವರೆಗೆ ಸುಳ್ಳು ಒಬ್ಬನ ಆಸ್ತಿಯಾಗಿತ್ತು. ಅವನು ಕೈಬಿಟ್ಟ ಮೇಲೆ ಊರಿನ ಗೋಮಾಳವಾಯಿತು. ಯಾರು ಬೇಕಾದರೂ ಮೇಯಿಸಬಹುದು.

ಊರಿಗೆ ಅದರ ಅಗತ್ಯವೂ ಇತ್ತು. ಬೂಮ್ ಕೆರೆಯ ಸುತ್ತ ಗರಗಸದ ಮಿಲ್ಲುಗಳು ಹಗಲಿರುಳು ಸೀಳುತ್ತಿದ್ದ ಪೈನ್ ಮುಗಿಯುತ್ತ ಬಂದಿತ್ತು. ಉತ್ತರ ವಿಸ್ಕಾನ್ಸಿನ್‌ನಲ್ಲಿ ಉಳಿದದ್ದು ಬೊಡ್ಡೆ, ಒಣಕಡ್ಡಿ, ಗಿಡ್ಡ ಬೇಸಿಗೆ. ಮರ ಮುಗಿದ ಮೇಲೆ ಎಷ್ಟೋ ಮಿಲ್ಲು ಊರುಗಳು ಗಂಟುಮೂಟೆ ಕಟ್ಟಿದವು. ರೈನ್‌ಲ್ಯಾಂಡರ್ 1903ರಲ್ಲಿ ಕಾಗದದ ಕಾರ್ಖಾನೆ ತೆರೆಯಿತು, ಕೆರೆಗಳನ್ನು ತೋರಿಸಿ ಪ್ರವಾಸಿಗಳನ್ನು ಕರೆಯಿತು. ಕಾಗದದಿಂದ ಊರಿನ ಹೊಟ್ಟೆ ತುಂಬಿತು. ಆದರೆ ಕಾಗದದ ರಟ್ಟನ್ನು ನೋಡಲು ಯಾರೂ ರೈಲು ಹತ್ತುವುದಿಲ್ಲ. ಶೆಪರ್ಡ್ ಇದನ್ನು ಮರ ಇನ್ನೂ ನಿಂತಿದ್ದಾಗಲೇ ಅಂದಾಜು ಮಾಡಿದ್ದ. ಅಂದಾಜು ಅವನ ಕಸುಬೆಂದು ಮೇಲೆ ಹೇಳಿದ್ದೇವೆ.

ಆಹಾರ ವಿಚಾರದಲ್ಲಿ ಸಂಪ್ರದಾಯ ಖಚಿತವಾಗಿದೆ: ಹೋಡ್ಯಾಗ್ ತಿನ್ನುವುದು ಬಿಳಿ ಬುಲ್‌ಡಾಗ್‌ಗಳನ್ನು ಮಾತ್ರ, ಅದೂ ಭಾನುವಾರ ಮಾತ್ರ. ಆರು ದಿನ ನಿಟ್ಟುಪವಾಸ, ಏಳನೆಯ ದಿನ ಪಾರಣೆ. ಇಷ್ಟು ಕಠಿಣ ವ್ರತವನ್ನು ಮೃಗಜಾತಿಯಲ್ಲಿ ಬೇರೆ ಯಾವುದೂ ಹಿಡಿದಂತಿಲ್ಲ. ಭಾನುವಾರವೇ ಏಕೆ ಎಂಬುದಕ್ಕೆ ಕ್ಯಾಂಪಿನ ದಿನಚರಿಯಲ್ಲಿ ಉತ್ತರವಿದೆ. ಆರು ದಿನ ಬೆಳಕು ಹರಿಯುವ ಮೊದಲೇ ಎದ್ದು ಕತ್ತಲಾಗುವವರೆಗೆ ಕೆಲಸ. ಊಟದ ಮೇಜಿನಲ್ಲಿ ಮಾತಾಡಕೂಡದೆಂಬುದು ಕಟ್ಟುನಿಟ್ಟಿನ ನಿಯಮ. ಬೀನ್ಸ್ ಕಾಳು ಮತ್ತು ಉಪ್ಪು ಹಾಕಿದ ಹಂದಿಮಾಂಸ ಮುಗಿಸಿ ಏಳಬೇಕು. ಭಾನುವಾರವೊಂದೇ ಬಿಡುವು. ಆವತ್ತು ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸಿ ಹೇನು ಕೊಲ್ಲುವುದು, ಹರಿದದ್ದನ್ನು ಹೊಲಿಯುವುದು, ಮಂಚಗಳ ಮುಂದಿನ ಉದ್ದ ಹಲಗೆಯ ಮೇಲೆ ಸಾಲಾಗಿ ಕುಳಿತು ಕಥೆ ಹೊಡೆಯುವುದು. ಹೊಸದಾಗಿ ಸೇರಿದ ಹುಡುಗನಿದ್ದರೆ ಕಥೆಗೆ ಇನ್ನಷ್ಟು ಹಲ್ಲು. ಕಥೆಗಾರನಿಗೆ ಬಿಡುವಿದ್ದ ದಿನವೇ ಮೃಗಕ್ಕೂ ಊಟ. ಇದು ಜೀವಶಾಸ್ತ್ರದ ಸಾಮಾನ್ಯ ನಿಯಮ. ಬಣ್ಣದ ಬುಲ್‌ಡಾಗ್ ವರ್ಜ್ಯವೇಕೆ ಎಂಬುದಕ್ಕೆ ಉತ್ತರ ಇನ್ನೂ ಸುಲಭ. ಆಹಾರದ ನೇಮವೆಂದಮೇಲೆ ಕಾರಣ ಕೇಳಬಾರದು.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧ ಅಂಗೀಕಾರವಾಗದ ಕಾಲ ಇದು. ಮಿನೆಸೋಟಾದ ಅರಣ್ಯಾಧಿಕಾರಿ ವಿಲಿಯಂ ಕಾಕ್ಸ್ 1910ರಲ್ಲಿ ಕ್ಯಾಂಪು ಕಥೆಗಳ ಮೃಗಗಳ ಬಗ್ಗೆ ಒಂದು ಪುಸ್ತಕ ತಂದ. ಅದರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ವಾಂಕ್ ಎಂಬುದಿದೆ; ತನ್ನ ಕುರೂಪಕ್ಕೆ ನಾಚಿ ಸದಾ ಅಳುತ್ತ, ಹಿಡಿದರೆ ಕಣ್ಣೀರಾಗಿ ಕರಗಿಹೋಗುತ್ತದೆ. ಕುರೂಪದಲ್ಲಿ ಹೋಡ್ಯಾಗ್ ಅದಕ್ಕೇನೂ ಕಡಿಮೆಯಿಲ್ಲ, ಆದರೆ ನಾಚಿಕೆ ಎಂಬುದು ಇಲ್ಲ. ಪ್ರವಾಸೋದ್ಯಮಕ್ಕೆ ಬೇಕಾದ ಗುಣ ಇದು. ವ್ಯೋಮಿಂಗ್‌ನ ಡಗ್ಲಸ್ ಊರಿನವರು ಕೊಂಬಿನ ಮೊಲದ ಬೇಟೆಗೆ ಪರವಾನಗಿ ಕೊಡುತ್ತಾರೆ. ಅದು ಜೂನ್ 31ರ ನಡುರಾತ್ರಿಯಿಂದ ಎರಡು ಗಂಟೆಯವರೆಗೆ ಮಾತ್ರ ಊರ್ಜಿತ. ಇಂಡಿಯಾನಾದ ಚುರುಬಸ್ಕೊದಲ್ಲಿ 1949ರಲ್ಲಿ ದೈತ್ಯ ಆಮೆಯೊಂದನ್ನು ಹಿಡಿಯಲು ರೈತನೊಬ್ಬ ತನ್ನ ಕೆರೆಯ ನೀರನ್ನೇ ಬಸಿಯಹೊರಟ. ಆಮೆ ಸಿಗಲಿಲ್ಲ, ಹಬ್ಬ ಮಾತ್ರ ಉಳಿಯಿತು. ಮೊಲ ಬೇಟೆಗೆ ಸಿಗದು, ಆಮೆ ಕೈಗೆ ಸಿಗದು. ಕೊಂದು, ಮತ್ತೆ ಸೆರೆಹಿಡಿದು, ಟಿಕೆಟ್ಟಿಟ್ಟು ತೋರಿಸಿ, ಕೊನೆಗೆ ಇಲ್ಲವೆಂದು ಸಾರಿಯೂ ಉಳಿದುಕೊಂಡದ್ದು ಇವುಗಳ ನಡುವೆ ಹೋಡ್ಯಾಗ್ ಒಂದೇ.

ಇಂದು ಆ ಊರಿನಲ್ಲಿ ಸುಮಾರು 8,000 ಜನ. ಹೈಸ್ಕೂಲಿನ ಆಟಗಾರರೆಲ್ಲ ಹೋಡ್ಯಾಗ್‌ಗಳು. ಬೂಮ್ ಕೆರೆಯ ದಂಡೆಯ ಉದ್ಯಾನ ಹೋಡ್ಯಾಗ್ ಪಾರ್ಕ್. ಗಾಳಿ ತುಂಬಿದ ದೊಡ್ಡ ಕ್ರೀಡಾಗುಮ್ಮಟ ಹೋಡ್ಯಾಗ್ ಡೋಮ್. 1978ರಿಂದ ನಡೆಯುವ ಕಂಟ್ರಿ ಸಂಗೀತೋತ್ಸವಕ್ಕೂ ಅದರದೇ ಹೆಸರು. 2012ರಲ್ಲಿ ಹೋಡ್ಯಾಗ್ ಸ್ಕೂಬಿ-ಡೂ ಕಾರ್ಟೂನ್ ಸರಣಿಗೆ ಹೋಯಿತು. 2017ರಲ್ಲಿ ಜೆ. ಕೆ. ರೌಲಿಂಗ್ ತಮ್ಮ ಅದ್ಭುತ ಮೃಗಗಳ ಪುಸ್ತಕದ ಪರಿಷ್ಕೃತ ಆವೃತ್ತಿಗೆ ಸೇರಿಸಿಕೊಂಡರು. ರೈಲ್ವೆ ಅಧ್ಯಕ್ಷನ ಹೆಸರಿನಲ್ಲಿರುವ ಊರಿನಲ್ಲಿ ಅಧ್ಯಕ್ಷನ ಮುಖ ಗುರುತಿಸುವವರು ಎಷ್ಟಿದ್ದಾರೋ. ಹೋಡ್ಯಾಗ್‌ನ ಮುಖ ಗೊತ್ತಿಲ್ಲದ ಮಗುವಿಲ್ಲ.

ಒಂದು ಪಾಠಾಂತರವನ್ನು ಇತ್ಯರ್ಥ ಮಾಡದೆ ಬಿಡುವಂತಿಲ್ಲ. ವಾಣಿಜ್ಯ ಮಂಡಳಿಯ ಕಚೇರಿಯ ಮುಂದೆ ಫೈಬರ್‌ಗ್ಲಾಸಿನ ಭಾರಿ ಹೋಡ್ಯಾಗ್ ನಿಂತಿದೆ. ಅದರ ಬಣ್ಣ ಹಸಿರು. ಹಳೆಯ ಸಂಪ್ರದಾಯ ಕಪ್ಪು ಹೋಡ್ಯಾಗ್ ಎನ್ನುತ್ತದೆ. ಏಳು ವರ್ಷ ಸುಟ್ಟದ್ದು ಕಪ್ಪಗಿರುವುದೇ ನ್ಯಾಯ. ಹೈಸ್ಕೂಲಿನ ಬಣ್ಣ ಹಸಿರು-ಬಿಳಿ ಎಂಬುದನ್ನು ಗಮನಿಸಿದರೆ ಹಸಿರು ಪಾಠ ಎಲ್ಲಿಂದ ನುಸುಳಿತೆಂದು ಊಹಿಸುವುದು ಕಷ್ಟವಲ್ಲ. ಕಪ್ಪೇ ಮೂಲಪಾಠವೆಂದು ನಾವು ತೀರ್ಮಾನಿಸುತ್ತೇವೆ. ಊರಿನವರು ಇದಕ್ಕೆ ಒಪ್ಪಿ ಮತ್ತೆ ಬಣ್ಣ ಹೊಡೆಸುವರೆಂಬ ನಂಬಿಕೆ ನಮಗಿಲ್ಲ. ದಿನವೂ ಪ್ರವಾಸಿಗಳು ಮಕ್ಕಳನ್ನು ಅದರ ಪಕ್ಕ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಯಾರನ್ನೂ ಅದು ಇದುವರೆಗೆ ಕಚ್ಚಿಲ್ಲ. ಇಷ್ಟರಿಂದಲೇ ಪ್ರಾಣಿ ಇಲ್ಲವೆಂದು ಸಾಧಿಸಲು ಹೊರಡುವವರು ಮಕ್ಕಳ ಬದಲು ಬಿಳಿ ಬುಲ್‌ಡಾಗ್ ಒಂದನ್ನು ಕರೆದೊಯ್ದು ನಿಲ್ಲಿಸಲಿ. ಭಾನುವಾರವೇ ನಿಲ್ಲಿಸಲಿ. ಬೇರೆ ವಾರ ಮಾಡಿದ ಪ್ರಯೋಗದ ಫಲಿತಾಂಶಕ್ಕೆ ಉತ್ತರ ಕೊಡುವ ಹೊಣೆ ನಮ್ಮದಲ್ಲ.